ಶಿಬಿರಕ್ಕೆ ಬಾರದ ಚಾಲಕರ ಬೆನ್ನು ಹತ್ತಿದ ಗಂಗಾ

"ಎಡಕ್ಕೆ ಸೈಕಲ್ ಅದೆ, ಅಣ್ಣ."

ಗಂಗಾ ಹರಿಕಂತ್ರ ಮೆಲ್ಲಗೆ ಹೇಳುತ್ತಾರೆ. ಹಿಂದೆ ಕೂತವರಿಗೆ ಕೇಳಬಾರದು, ಪಕ್ಕದ ಚಾಲಕನಿಗೆ ಕೇಳದೆ ಹೋಗಬಾರದು, ಅಂಥ ದನಿ. ಜನವರಿಯ ಬೆಳಗು, ಗಂಟೆ ಐದೂಮುಕ್ಕಾಲು. ಕಾಸರಕೋಡಿನಿಂದ ಹೊರಟ ಟೆಂಪೊ ಶರಾವತಿ ಸೇತುವೆ ಹತ್ತುತ್ತಿದೆ. ಹೊಳೆಯ ಮೇಲೆ ಮಂಜು ಕೂತಿದೆ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಿಂದುಗಡೆ ಹದಿನಾಲ್ಕು ಹೆಂಗಸರು, ಹದಿನಾಲ್ಕು ಮೀನಿನ ಬುಟ್ಟಿ, ಅರ್ಧ ಕೊಂಕಣಿ ಅರ್ಧ ಕನ್ನಡದ ಜಗಳ ಮತ್ತು ನಗು. ಎಲ್ಲರೂ ಕುಮಟಾದ ಮೀನುಪೇಟೆಗೆ ಹೊರಟವರು. ಚಾಲಕ ವೆಂಕಟ್ರಮಣ ಗಾಡಿಯನ್ನು ತುಸು ಬಲಕ್ಕೆ ತೆಗೆಯುತ್ತಾರೆ. ಸೈಕಲ್ಲಿನವನು ಕಿಟಕಿಯ ಪಕ್ಕ ಹಾದು ಹಿಂದಾಗುತ್ತಾನೆ.

"ಎಡಕ್ಕೆ ಅಜ್ಜಿ. ನಿಂತದೆ, ದಾಟೂದಿಲ್ಲ."

ವೆಂಕಟ್ರಮಣರಿಗೆ ಅರವತ್ಮೂರು ವರ್ಷ. ಎಡಗಣ್ಣಿಗೆ ಪೊರೆ ಬಂದು, ಬೆಳಕು ಯಾವುದು ಕತ್ತಲೆ ಯಾವುದು ಎಂಬುದನ್ನು ಬಿಟ್ಟರೆ ಆ ಕಣ್ಣಿಗೆ ಬೇರೇನೂ ಗೊತ್ತಾಗುವುದಿಲ್ಲ. ಈ ಸಂಗತಿ ತಿಳಿದಿರುವುದು ಇಬ್ಬರಿಗೆ ಮಾತ್ರ: ಅವರಿಗೆ, ಮತ್ತು ಹಿಂದಿನ ಭಾನುವಾರ ಅವರ ಕಣ್ಣು ಪರೀಕ್ಷಿಸಿದ ಗಂಗಾಗೆ. ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಗಂಗಾ ಮೊದಲೇ ಮಾತು ಕೊಟ್ಟಿದ್ದಾರೆ. ಆ ಮಾತು ಮುರಿದರೆ ಸುದ್ದಿ ಹೊತ್ತು ಮುಳುಗುವುದರೊಳಗೆ ಭಟ್ಕಳ ಮುಟ್ಟುತ್ತದೆ. ಅವರು ಇನ್ನೂ ಹುಡುಕಬೇಕಾದ ಹತ್ತೊಂಬತ್ತು ಚಾಲಕರ ಮನೆಯ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಮುರಿಯದಿದ್ದರೆ ಹಿಂದಿರುವ ಹದಿನಾಲ್ಕು ಜೀವಕ್ಕೆ ಹೊಣೆ ಯಾರು? ಹಾಗಾಗಿ ಸೋಮವಾರದಿಂದ ಗಂಗಾ ಈ ಸೀಟಿನಲ್ಲಿ ಕೂತು, ವೆಂಕಟ್ರಮಣರ ಎಡಗಣ್ಣಿನ ಕೆಲಸ ಮಾಡುತ್ತಿದ್ದಾರೆ. (ಇದನ್ನೆಲ್ಲ ಹೆಸರು ಹಾಕಿ ಬರೆಯಲು ವೆಂಕಟ್ರಮಣ ಈಗ ಒಪ್ಪಿದ್ದಾರೆ. ಆಗ ಕೇಳಿದ್ದರೆ ಗಾಡಿಯಿಂದ ಇಳಿಸಿಬಿಡುತ್ತಿದ್ದರು.)

ಗಂಗಾ ಕುಮಟಾ ತಾಲೂಕಿನ ಬಾಡದವರು. ವಯಸ್ಸು ನಲವತ್ತೊಂದು, ಓದಿದ್ದು ಎಸ್ಸೆಸ್ಸೆಲ್ಸಿ. ಗಂಡ ಮಾಸ್ತಿ ಮೀನು ಬೋಟಿನಲ್ಲಿ ದುಡಿಯುತ್ತಾರೆ, ತಿಂಗಳಲ್ಲಿ ಅರ್ಧದಷ್ಟು ದಿನ ನೀರಿನ ಮೇಲೇ ಇರುತ್ತಾರೆ. ಮಕ್ಕಳಿಗೆ ಪೋಲಿಯೊ ಹನಿ ಹಾಕುತ್ತ, ಜನಗಣತಿಯವರ ಜೊತೆ ಮನೆ ತೋರಿಸುತ್ತ ತಿರುಗಿದ ಗಂಗಾಗೆ ಮೂರು ತಾಲೂಕಿನ ಯಾವ ಓಣಿಯಲ್ಲಿ ಯಾವ ನಾಯಿ ಕಚ್ಚುತ್ತದೆ ಎಂಬುದೂ ಗೊತ್ತು. ಅದನ್ನು ಕೇಳಿಯೇ ಹೊರಗಿನ ಊರಿನ ಒಂದು ಸಂಶೋಧನಾ ಸಂಸ್ಥೆ ೨೦೦೩ರಲ್ಲಿ ಅವರನ್ನು ಕರೆಯಿತು. ಕೆಲಸ ಇಷ್ಟೆ: ಭಟ್ಕಳ, ಹೊನ್ನಾವರ, ಕುಮಟಾದಲ್ಲಿ ಅರವತ್ತು ದಾಟಿಯೂ ಬಾಡಿಗೆ ಗಾಡಿ ಓಡಿಸುವವರ ಕಣ್ಣು, ಕಿವಿ, ಕೈಕಾಲು ಹೇಗಿವೆ ಎಂದು ತಿಳಿಯಬೇಕು. ಕಣ್ಣಿನ ಆಸ್ಪತ್ರೆಯ ಸಂಚಾರಿ ಗಾಡಿಯನ್ನು ಮುಂದಿನ ವರ್ಷ ಯಾವ ಕಡೆ ಕಳಿಸಬೇಕೆಂದು ಈ ವರದಿ ನೋಡಿ ನಿರ್ಧಾರ. ಕೆಲಸ ಚೆನ್ನಾಗಿ ಮುಗಿಸಿಕೊಟ್ಟರೆ ಎರಡು ವರ್ಷದ ಮೇಲ್ವಿಚಾರಕಿ ಹುದ್ದೆ ಸಿಗಬಹುದು ಎಂಬ ಆಸೆಯನ್ನೂ ಯಾರೋ ಗಂಗಾರ ಕಿವಿಯಲ್ಲಿ ಹಾಕಿದ್ದರು.

ಪಟ್ಟಿಯಲ್ಲಿ ಇನ್ನೂರ ನಲವತ್ತೇಳು ಹೆಸರು. ಅಷ್ಟು ಮಂದಿಯನ್ನೂ ನೋಡಲು ಯಾರಿಗೆ ಪುರುಸೊತ್ತು? ಚೀಟಿ ಎತ್ತಿ ನೂರಿಪ್ಪತ್ತು ಮಂದಿಯನ್ನು ಆರಿಸಿದರು. ಅನ್ನ ಬೆಂದಿದೆಯೋ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕಲ್ಲವೆ, ಹಾಗೆ. ಈ ಮಾತು ಎತ್ತಿದರೆ ಗಂಗಾ ನಗುತ್ತಾರೆ.

"ಒಂದಗುಳು ಸಾಕು, ಖರೆ. ಆದ್ರೆ ಎಲ್ಲಿಂದ ತೆಗ್ದ ಅಗುಳು? ಕಟ್ಟಿಗೆ ಒಲೆ ಮೇಲೆ ಕುಚ್ಚಕ್ಕಿ ಬೇಯ್ಸಿ ನೋಡಿ. ಒಂದು ಬದಿಗೆ ಉರಿ ಹತ್ತೂದೇ ಇಲ್ಲ. ಕೈಗೆ ಸಿಕ್ಕಿದ್ದು ತೆಗ್ದು ಹಿಚುಕಿ, ಬೆಂದದೆ ಅಂತ ಗಂಜಿ ಬಸಿದ್ರೆ ಮನೆಯವ್ರಿಗೆಲ್ಲ ಹೊಟ್ಟೆನೋವು. ಸೌಟು ತಳಕ್ಕೆ ಹಾಕ್ಬೇಕು."

ಈ ಬುದ್ಧಿ ಅವರಿಗೆ ಪುಕ್ಕಟೆ ಬಂದದ್ದಲ್ಲ. ತಾವೇ ಮಾಡಿದ ಒಂದು ತಪ್ಪಿನಿಂದ ಬಂದದ್ದು.

ನವೆಂಬರದಲ್ಲಿ ಹೊನ್ನಾವರದ ಒಂದು ಸಭಾಭವನದಲ್ಲಿ ಮೂರು ದಿನ ಶಿಬಿರ. ಆರಿಸಿದ ನೂರಿಪ್ಪತ್ತು ಮಂದಿಗೂ ನಂಬರು ಬರೆದ ಚೀಟಿ ಮುಟ್ಟಿಸಿ, ಬರಲು ಒಪ್ಪಿಸುವುದು ಗಂಗಾರ ಪಾಲಿನ ಕೆಲಸ. ಚಾಲಕರು ಸುಲಭಕ್ಕೆ ಬಗ್ಗುವ ಜನವೆ? "ಕಣ್ಣು ನೋಡ್ತ್ರು ಅಂದ್ರೆ ಲೈಸೆನ್ಸು ಕಿತ್ಕಣೂಕೇ" ಎಂದು ಒಬ್ಬರಿಂದ ಒಬ್ಬರಿಗೆ ಹಬ್ಬಿತ್ತು. ಹಾಗಾಗಿ ಗಂಗಾ ಅಂಗಳದಲ್ಲಿ ನಿಂತು, ಊರವರಿಗೆ ರೂಢಿಯಾದ ಮಾತಿನಲ್ಲಿ ಕರೆದರು: "ಮನೆಗೊಬ್ರು ಬಂದ್ಹೋಗಿ. ಬಂದ್ರೆ ಆತು."

ಅಲ್ಲಿ ಕೆಟ್ಟಿತು.

ಕರಾವಳಿಯಲ್ಲಿ ಮನೆಗೊಬ್ಬರು ಎಂದರೆ ಅದಕ್ಕೊಂದು ಅರ್ಥವಿದೆ. ದಡದಿಂದ ರಂಪಣಿ ಬಲೆ ಎಳೆಯುತ್ತಿದ್ದ ಕಾಲದಿಂದ ಬಂದ ಪದ್ಧತಿ ಅದು. ಬಲೆ ಎಳೆಯಲು ಮನೆಗೊಂದಾಳು ಹೋಗಬೇಕು. ಅಪ್ಪ ಹೋದರೂ ಸೈ, ಅಳಿಯ ಹೋದರೂ ಸೈ, ಪಾಲು ಮನೆಗೆ ಬರುತ್ತದೆ. ಹೊಳೆಯಂಚಿನ ಗಜನಿ ಗದ್ದೆಯ ಕಟ್ಟೆ ಒಡೆದು ಉಪ್ಪುನೀರು ನುಗ್ಗಿದರೂ ಹಾಗೆಯೇ. ಯಾರು ಬಂದರು ಎಂದು ಯಾರೂ ಮುಖ ನೋಡುವುದಿಲ್ಲ, ಮನೆ ಬಂತೋ ಇಲ್ಲವೋ ಎಂದಷ್ಟೇ ನೋಡುತ್ತಾರೆ. ಕರೆ ಬಂದಾಗ ಕೈಕಾಲು ಗಟ್ಟಿ ಇದ್ದವನನ್ನು ಕಳಿಸುವುದು ಮನೆಯ ಮರ್ಯಾದೆ. ಮುದುಕನನ್ನು ಕಳಿಸಿದರೆ ನಗೆಗೇಡು.

ಚಾಲಕರ ಮನೆಯವರೂ ಮರ್ಯಾದೆಯಿಂದಲೇ ನಡೆದುಕೊಂಡರು. ಗಟ್ಟಿ ಆಳುಗಳನ್ನು ಕಳಿಸಿದರು! ಚಾಲಕರು ಹೆದರಬಾರದೆಂದು ಲೈಸೆನ್ಸು ಕೇಳಬೇಡಿ ಎಂದು ಸಂಸ್ಥೆಯೇ ಅಪ್ಪಣೆ ಮಾಡಿತ್ತು. ಫಾರಂ ಮೇಲೆ ಹೆಸರು, ವಯಸ್ಸು ಮೊದಲೇ ಅಚ್ಚಾಗಿತ್ತು. ಒಳಗಿದ್ದ ನರ್ಸುಗಳು ಚೀಟಿಯ ನಂಬರು ನೋಡಿದರು, ಕಣ್ಣು ನೋಡಿದರು, ಮುಖ ನೋಡಲಿಲ್ಲ. ಗಂಗಾ ಹೊರಗೆ ಬಸ್ ನಿಲ್ದಾಣದಿಂದ ಜನ ಕರೆತರುವ ಗಡಿಬಿಡಿಯಲ್ಲಿದ್ದರು. ಮೂರು ದಿನಕ್ಕೆ ಬಂದವರು ತೊಂಬತ್ತಾರು ಮಂದಿ. ಅವರಲ್ಲಿ ಕಣ್ಣು ಮಂಜಾದವರು ಐದೇ ಮಂದಿ. ಕಡಲ ಮೀನು ತಿಂದ ಕಣ್ಣು ಎಂದು ಸಂಸ್ಥೆಯ ಹಿರಿಯ ಡಾಕ್ಟರು ಹೊಗಳಿದರಂತೆ.

ಡಿಸೆಂಬರದಲ್ಲಿ ಗಂಗಾ ಬಾರದೆ ಉಳಿದ ಇಪ್ಪತ್ನಾಲ್ಕು ಮಂದಿಯನ್ನು ಹುಡುಕಲು ಹೊರಟರು. ಹಳದೀಪುರದ ಹತ್ತಿರ ಒಂದು ಮನೆಯಲ್ಲಿ ಚಾಲಕ ಸಿಗಲಿಲ್ಲ. ಆಚೆ ಮನೆಯ ಐವತ್ತೆರಡನೇ ನಂಬರಿನವರು ಶಿಬಿರಕ್ಕೆ ಬಂದುಹೋದವರು. ಅವರಿಗಾದರೂ ಒಂದು ಮಾತು ಉಪಕಾರ ಹೇಳೋಣವೆಂದು ಒಳಗೆ ಹೊಕ್ಕರು. ಜಗಲಿಯ ಮೇಲೆ ಒಬ್ಬ ಅಜ್ಜ ಲೋಟಕ್ಕೆ ಬೆರಳು ಅದ್ದಿ ಅಳತೆ ನೋಡುತ್ತ ಚಾ ಬಗ್ಗಿಸಿಕೊಳ್ಳುತ್ತಿದ್ದರು.

"ಶಿಬಿರದಲ್ಲಿ ಎಲ್ಲಾ ಸರಿಯಾತಾ, ಅಜ್ಜ?" ಎಂದರು ಗಂಗಾ.

"ನಾ ಬರ್ಲಿಲ್ಲ, ತಂಗಿ. ನಮ್ಮನೆ ಆಳು ಬಂದಿತ್ತಲ. ತಮ್ಮನ ಮಗ. ಅವಂಗೆ ಕಣ್ಣು ಚಲೋ ಅದೆ."

"ಗಾಡಿ ಯಾರು ಬಿಡೂದು?"

"ನಾನೇಯ. ಮತ್ಯಾರು?"

ಆ ಜಗಲಿಯ ಮೇಲೆ ಕೂತುಬಿಟ್ಟೆ ಎನ್ನುತ್ತಾರೆ ಗಂಗಾ. "ಇದೊಂದೇ ಮನೆಯಾ, ಎಲ್ಲಾ ಮನೆಯೂ ಹಿಂಗೇಯಾ ಅಂತ. ಅಜ್ಜ ಪಾಪ, ನಾ ಹೇಳ್ದಂಗೇ ಮಾಡಿದ್ದ. ಮನೆಗೊಬ್ರು ಅಂದಿದ್ದು ನಾನೇಯಲ!"

ಇನ್ನೊಬ್ಬರಾದರೆ ಬೂದಿ ಮುಚ್ಚಿದ ಕೆಂಡ ಮುಚ್ಚಿಯೇ ಇರಲಿ ಎಂದು ಸುಮ್ಮನಾಗುತ್ತಿದ್ದರು. ಲೆಕ್ಕ ಒಪ್ಪಿಸಿಯಾಗಿದೆ, ಹೊಗಳಿಕೆ ಬಂದಾಗಿದೆ, ಹುದ್ದೆ ಕಣ್ಣೆದುರಿಗಿದೆ. ಗಂಗಾ ಮರುದಿನದಿಂದ ಆ ತೊಂಬತ್ತಾರು ಮನೆಗಳನ್ನೂ ಮತ್ತೊಮ್ಮೆ ಹತ್ತಿ ಇಳಿದರು. ಬೆಳಿಗ್ಗೆ ಮೊದಲ ಬಸ್ಸು, ಮಧ್ಯಾಹ್ನ ಎಲ್ಲಾದರೂ ಅವಲಕ್ಕಿ, ದಿನಕ್ಕೆ ಆರೇಳು ಮನೆ, ಹತ್ತು ಹನ್ನೆರಡು ಕಿಲೋಮೀಟರು ನಡಿಗೆ. ಮನೆಯ ಗಂಡನನ್ನು ಸಮುದ್ರಕ್ಕೆ ಬಿಟ್ಟು ಊರ ಮುದುಕರ ಬೆನ್ನು ಹತ್ತಿದ್ದಾಳೆ ಎಂದು ಬಾಡದಲ್ಲಿ ತಮಾಷೆ ಮಾಡಿದರು. ಕೊನೆಗೆ ಸಿಕ್ಕ ಲೆಕ್ಕ: ತೊಂಬತ್ತಾರರಲ್ಲಿ ಮೂವತ್ತೊಂದು ಮಂದಿ ಬದಲಿ ಆಳುಗಳು. ಬಾರದ ಇಪ್ಪತ್ನಾಲ್ಕು ಸೇರಿಸಿದರೆ ಐವತ್ತೈದು ಚಾಲಕರ ಕಣ್ಣನ್ನು ಯಾರೂ ನೋಡಿಯೇ ಇಲ್ಲ.

ಹೆಗಲಿಗೊಂದು ಚೀಲ ಹಾಕಿಕೊಂಡು ಅವರ ಬೇಟೆ ಶುರುವಾಯಿತು. ಚೀಲದಲ್ಲಿ ಸುರುಳಿ ಸುತ್ತಿದ ಕಣ್ಣಿನ ತಖ್ತೆ, ಎರಡೂ ತುದಿಗೆ ಗಂಟು ಹಾಕಿದ ಇಪ್ಪತ್ತು ಅಡಿಯ ಹಗ್ಗ, ಫಾರಮ್ಮು. ಹಗ್ಗದ ಒಂದು ಗಂಟಿನ ಬಳಿ ತಖ್ತೆ ತೂಗುಹಾಕಿ ಇನ್ನೊಂದು ಗಂಟಿನ ಬಳಿ ಚಾಲಕನನ್ನು ನಿಲ್ಲಿಸುವುದು. ತಖ್ತೆಯಲ್ಲಿ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು. ಹಲ್ಲು ಯಾವ ಕಡೆಗಿದೆ ಎಂದು ಬೆರಳು ತೋರಿಸಿದರೆ ಸಾಕು. ಈ ಸಲ ಲೈಸೆನ್ಸಿನ ಫೋಟೊ ನೋಡಿ, ಮುಖ ನೋಡಿ, ಆಮೇಲೆ ಹಗ್ಗ ಬಿಚ್ಚುತ್ತಿದ್ದರು. ಬರೆದದ್ದು ಯಾರಿಗೂ ಹೇಳುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಕೈಯಲ್ಲಿ ಕೈಯಿಟ್ಟು ಮಾತು ಕೊಡುತ್ತಿದ್ದರು. ಸಂಸ್ಥೆಯ ಕಾಗದದಲ್ಲೂ ಅದೇ ಬರೆದಿತ್ತು, ಆದರೆ ಕಾಗದವನ್ನು ನಂಬುವ ಚಾಲಕ ಈ ಹೆದ್ದಾರಿಯಲ್ಲಿ ಇನ್ನೂ ಹುಟ್ಟಿಲ್ಲ.

ಒಬ್ಬರು ಗಂಗಾರನ್ನು ಕಂಡು ಹಿತ್ತಲ ಬಾಗಿಲಿನಿಂದ ಹಾರಿದರು. ಭಟ್ಕಳದ ಒಂದು ಮನೆಯಲ್ಲಿ ಸಾಹೇಬರು ದುಬೈಗೆ ಹೋಗಿದ್ದಾರೆ ಎಂದರು, ಒಳಗಿನಿಂದ ಸಾಹೇಬರ ಕೆಮ್ಮು ಕೇಳುತ್ತಿತ್ತು. ಅತ್ತ ಕುಮಟಾದ ಒಂದು ಕೊಪ್ಪದಲ್ಲಿ, ಹಾಲಕ್ಕಿ ಒಕ್ಕಲಿಗರ ಕೇರಿಯಲ್ಲಿ, ಸೋಮ ಗೌಡ ಎಂಬ ಎಪ್ಪತ್ತರ ಅಜ್ಜ ದಾರಿಗೆ ಅಡ್ಡ ನಿಂತು ಜಗಳ ತೆಗೆದರು. ಮೂವತ್ತು ವರ್ಷದಿಂದ ಲೈಸೆನ್ಸಿಲ್ಲದೆ ಟ್ರ್ಯಾಕ್ಟರು ಓಡಿಸಿದವರು. ಲೈಸೆನ್ಸಿಲ್ಲ, ಹಾಗಾಗಿ ಪಟ್ಟಿಯಲ್ಲಿ ಹೆಸರೂ ಇಲ್ಲ.

"ನನ್ ಕಣ್ ಎಂತಕೆ ನೋಡೂದಿಲ್ಲ? ನಾ ಡ್ರೈವರ್ ಅಲ್ವನೇ?"

ಗಂಗಾ ಅವರ ಕಣ್ಣನ್ನೂ ನೋಡಿದರು, ಫಾರಮ್ಮಿನಲ್ಲಿ ಬರೆಯುವಂತಿರಲಿಲ್ಲ. "ಕರೆದವ ಬರೂದಿಲ್ಲ, ಬಂದವ ಪಟ್ಟಿಲಿಲ್ಲ. ಎಂತಾ ಚಂದದ ಪಟ್ಟಿ ನೋಡಿ" ಎಂದು ಈಗಲೂ ಹೇಳಿ ನಗುತ್ತಾರೆ. ಆ ನಗೆಯಲ್ಲಿ ಸಿಟ್ಟೂ ಇದೆ.

ಜನವರಿ ಅರ್ಧ ಕಳೆಯುವಾಗ ಸಂಸ್ಥೆಯಿಂದ ಚಂದನಾ ಫೋನು ಮಾಡಿದರು. ಈ ಅಧ್ಯಯನ ನೋಡಿಕೊಳ್ಳುವ ಅಧಿಕಾರಿ ಅವರು, ವಯಸ್ಸಿನಲ್ಲಿ ಗಂಗಾಗಿಂತ ಚಿಕ್ಕವರು. ಬದಲಿ ಆಳುಗಳ ವಿಷಯ ಅವರಿಗಿನ್ನೂ ಗೊತ್ತಿಲ್ಲ. ಬಾಕಿ ಇರುವುದು ಇಪ್ಪತ್ನಾಲ್ಕೇ ಎಂದು ಅವರ ಎಣಿಕೆ.

"ಗಂಗಕ್ಕ, ಮೂವತ್ತೊಂದನೇ ತಾರೀಕು ಶನಿವಾರ ಸಭೆ. ಅಷ್ಟರೊಳಗೆ ನೂರಿಪ್ಪತ್ತು ತುಂಬಬೇಕು. ಸಿಗದವರ ಹಿಂದೆ ಎಷ್ಟು ಅಂತ ಓಡುತ್ತೀರಿ? ಪಟ್ಟಿಯಲ್ಲಿ ಬೇರೆ ಹೆಸರುಗಳಿವೆಯಲ್ಲ, ಬರುತ್ತೇನೆ ಅನ್ನುವವರನ್ನು ಹಾಕಿಕೊಳ್ಳಿ."

"ಬರ್ತೆ ಅನ್ನುವವ್ರಿಗೆ ಕಣ್ಣು ಕಾಣ್ತದೆ, ಮೇಡಂ. ಕಾಣದೇ ಇದ್ದವ್ರೇ ಬರೂದಿಲ್ಲ."

"ಸಭೆಗೆ ನೀವೇ ಬನ್ನಿ" ಎಂದು ಚಂದನಾ ಫೋನಿಟ್ಟರು. ನಾಲಗೆಯ ತುದಿಗೆ ಬಂದಿದ್ದ ಇನ್ನೊಂದು ಸಂಗತಿಯನ್ನು ಗಂಗಾ ಹೇಳಲಿಲ್ಲ. ಹೆದರಿಕೆಯಾಯಿತು ಎಂದು ಅವರೇ ಒಪ್ಪಿಕೊಳ್ಳುತ್ತಾರೆ.

ವೆಂಕಟ್ರಮಣರದು ಎಂಬತ್ತೇಳನೇ ನಂಬರು. ಅವರ ಚೀಟಿ ಹಿಡಿದು ಶಿಬಿರಕ್ಕೆ ಬಂದಿದ್ದವನು ಅಕ್ಕನ ಮಗ ವಿನೋದ, ಮೂವತ್ನಾಲ್ಕರ ಗಟ್ಟಿಗ. ಐದು ಸಲ ಮನೆಗೆ ಹೋದರೂ ವೆಂಕಟ್ರಮಣ ಕೈಗೆ ಸಿಗಲಿಲ್ಲ. ಆರನೇ ಸಲ, ಇಪ್ಪತ್ತೈದನೇ ತಾರೀಕಿನ ಭಾನುವಾರ, ಟೆಂಪೊ ತೊಳೆಯುತ್ತಿದ್ದಾಗ ಗಂಗಾ ಎದುರು ನಿಂತರು. ಬಲಗಣ್ಣಿನಲ್ಲಿ ತಖ್ತೆಯ ಕೆಳಗಿನ ಸಾಲಿನವರೆಗೂ ಬೆರಳು ಸರಿಯಾಗಿಯೇ ಹೋಯಿತು. ಬಲಗಣ್ಣು ಮುಚ್ಚಿಸಿದಾಗ ಬೆರಳು ಏಳಲಿಲ್ಲ. ತಖ್ತೆ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ.

"ಬರ್ಕ, ತಂಗಿ. ಎಂತ ಬರೀತೆ ಬರ್ಕ. ಹೇಳೂದು ಮಾತ್ರ ಬೇಡ."

"ಗಾಡಿ ನಿಲ್ಸಿ, ಅಣ್ಣ. ಪೊರೆ ತೆಗ್ದ ಮೇಲೆ ಬಿಡಿ. ಅಲ್ಲೀವರೆಗೆ ವಿನೋದ ಬಿಡ್ಲಿ."

"ಹತ್ತೊಂಬತ್ತು ವರ್ಷ ಆತು ಈ ಹೆಂಗಸ್ರು ನನ್ ಗಾಡಿ ಹತ್ತೂಕೆ ಹಿಡ್ದು. ಕಣ್ಣಿಲ್ಲ ಅಂತ ಒಂದ್ಸಲ ಗೊತ್ತಾದ್ರೆ ಮತ್ತೆ ಹತ್ತೂದಿಲ್ಲ. ಹಬ್ಬ ಕಳೀಲಿ, ಆಮೇಲೆ ನೋಡುವಾ."

ಗಂಗಾ ಅಂದು ಬಾಡಕ್ಕೆ ಹೋಗಲಿಲ್ಲ. ಕಾಸರಕೋಡಿನಲ್ಲೇ ಇರುವ ತಂಗಿಯ ಮನೆಯಲ್ಲಿ ಉಳಿದರು. ಸೋಮವಾರ ಬೆಳಿಗ್ಗೆ ಐದೂವರೆಗೆ ಟೆಂಪೊದ ಎಡಬಾಗಿಲು ತೆರೆದು ಹತ್ತಿ ಕೂತರು. ವೆಂಕಟ್ರಮಣ ಗಾಡಿ ಹೊರಡಿಸಿದರು. ಕರ್ಕಿಯ ತಿರುವಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಒಂದು ಸೈಕಲ್ಲು ಎಡದಿಂದ ಒಮ್ಮೆಗೇ ರಸ್ತೆಗೆ ಬಂತು. ಗಂಗಾ ಕೂಗಿಕೊಂಡರು. ಬ್ರೇಕು ಬಿದ್ದು ಹಿಂದಿನ ಬುಟ್ಟಿಗಳೆಲ್ಲ ಮುಂದಕ್ಕೆ ಜಾರಿದವು. "ನಿದ್ದೆ ಮಾಡ್ತ್ಯನಾ?" ಎಂದು ಹಿಂದಿನಿಂದ ದುರ್ಗಿ ಬೈದಳು. ಆ ಗುಂಪಿನಲ್ಲಿ ಎಲ್ಲರಿಗಿಂತ ಬಾಯಿ ಜೋರಿದ್ದವಳು ಅವಳು. ವೆಂಕಟ್ರಮಣರ ಹಣೆಯಲ್ಲಿ ಆ ಚಳಿಯಲ್ಲೂ ಬೆವರು ಇಳಿಯುತ್ತಿತ್ತು. ಅಂದಿನಿಂದಲೇ ಸಣ್ಣ ದನಿಯ ಆ ಮಾತು ಶುರುವಾದದ್ದು: ಎಡಕ್ಕೆ ಸೈಕಲ್ಲು, ಎಡಕ್ಕೆ ದನ, ಎಡಕ್ಕೆ ಏನಿಲ್ಲ.

ಇಪ್ಪತ್ತು ಚಿಲ್ಲರೆ ಕಿಲೋಮೀಟರು ಕಣ್ಣು ಮಿಟುಕಿಸದೆ ಕೂರುವುದು. ಕುಮಟಾದಲ್ಲಿ ಇಳಿದಾಗ ಕತ್ತು ತಿರುಗುತ್ತಿರಲಿಲ್ಲವಂತೆ. ಅಲ್ಲಿಂದ ಮತ್ತೆ ಉಳಿದವರನ್ನು ಹುಡುಕುತ್ತ ನಡಿಗೆ, ಸಂಜೆ ತಿರುಗಿ ಕಾಸರಕೋಡು. ದಿನಾ ಅದೇ ಬಾಗಿಲು, ಅದೇ ಸೀಟು. ತಾನು ಮಾಡುತ್ತಿರುವುದು ಸರಿಯೋ ತಪ್ಪೋ ಎಂಬ ಚಿಂತೆ ಬಿಡಲಿಲ್ಲ. "ತಪ್ಪೇಯ" ಎನ್ನುತ್ತಾರೆ ಗಂಗಾ ಈಗ, ಸುತ್ತುಬಳಸದೆ. "ಸೈಕಲ್ಲು ಹೇಳ್ಬಹುದು. ಹಾರಿ ಬರೂ ಮಗುನ್ನ ಹೇಳೂಕೆ ಹೊತ್ತು ಸಿಕ್ತದಾ? ಮಾತು ಕೊಟ್ಟಿದ್ದೆ ಅಂತ ಕೂತಿದ್ದೆ. ಮಗು ಬಂದಿದ್ರೆ ಮಾತು ಎಂತಕೆ ಬರ್ತಿತ್ತು?"

ಶುಕ್ರವಾರ ಮೀನುಪೇಟೆಯ ಮುಂದೆ ಗಾಡಿ ನಿಂತಿತು. ಸಂಸ್ಥೆಯ ಊರು ಬಸ್ಸಿನಲ್ಲಿ ಆರು ತಾಸಿನ ದಾರಿ, ಮಧ್ಯಾಹ್ನವೇ ಹೊರಡಬೇಕು. ಹೆಂಗಸರು ಬುಟ್ಟಿ ಇಳಿಸಿಕೊಳ್ಳುವಾಗ ಗಂಗಾ ಸೀಟು ಬಿಟ್ಟು ಏಳದೆ ಹೇಳಿದರು.

"ನಾಳೆ ನಾ ಇರೂದಿಲ್ಲ, ಅಣ್ಣ."

"ಒಂದಿನ ಅಲ್ದಾ? ನಡೀತದೆ."

"ನಾಳೆ ಅಲ್ಲಿ ನಾ ಮಾಡಿದ ತಪ್ಪು ನಾನೇ ಹೇಳೂಕೆ ಹೊಂಟದ್ದು. ಕೆಲಸ ಹೋದ್ರೆ ಹೋಗ್ಲಿ. ನಿಮ್ಮದು ನಾ ಹೇಳೂದಿಲ್ಲ, ಅದು ನಿಮ್ಮ ಬಾಯಿಂದ ಬರ್ಬೇಕು. ಇವ್ರು ಹದಿನಾಲ್ಕು ಜನ ಮನೆಗೆ ಹೋಗಿ ಮುಟ್ಟೂದು ನಿಮ್ಮ ಮೇಲದೆ."

ಕೆಳಗಿನಿಂದ ದುರ್ಗಿ ಕೂಗಿ ಕೇಳಿದಳು: "ಎಂತ ಗಂಗಾ, ದಿನಾ ಮುಂದೇ ಕೂರ್ತ್ಯಲೇ? ಡ್ರೈವರಿಕೆ ಕಲೀತ್ಯಾ?" ಗಂಗಾ ಬಾಯಿ ತೆರೆದರು. ಹೇಳಿಬಿಡಬೇಕೆಂದೇ ಬಂತಂತೆ. ಸೆರಗಿನಿಂದ ಮುಖ ಒರೆಸಿಕೊಂಡು ಇಳಿದು ಹೋದರು.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ಗಂಗಾ ಆ ಗುರುತಿಲ್ಲದ ಊರಿನ ಬಸ್ ನಿಲ್ದಾಣದ ಎದುರು, ಇನ್ನೂ ಬಾಗಿಲು ತೆರೆಯದ ಎಸ್‌ಟಿಡಿ ಬೂತಿನ ಮುಂದೆ ನಿಂತಿದ್ದಾರೆ. ಟೆಂಪೊ ಹೊರಟಿದ್ದರೆ ಇಷ್ಟು ಹೊತ್ತಿಗೆ ಸೇತುವೆ ದಾಟಿರಬೇಕು. ಆರೂವರೆಗೆ ಬೂತು ತೆರೆಯುತ್ತದೆ. ಕಾಸರಕೋಡಿನ ಟೆಂಪೊ ನಿಲ್ದಾಣದ ಪಕ್ಕದ ಚಾ ಅಂಗಡಿಗೆ ನಂಬರು ತಿರುಗಿಸುತ್ತಾರೆ. ಅಂಗಡಿಯವನ ಮಾತಿಗಿಂತ ಮೊದಲು ಹೆಂಗಸರ ಗಲಾಟೆ ಕೇಳುತ್ತದೆ.

"ಎಂತಾತು? ಎಂತಾತು ಹೇಳು!"

"ಎಂತ ಆಗ್ಲಿಲ್ಲ ಮಾರಾಯ್ತಿ. ಗಾಡಿ ಇಲ್ಲೇ ಅದೆ. ವೆಂಕಟ್ರಮಣಣ್ಣ ಕೆಳಗೆ ನಿಂತ್ಕಂಡು ಎಂತೋ ಹೇಳ್ದ. ಹೆಂಗಸ್ರೆಲ್ಲ ಅವ್ನ ಹರ್ದು ತಿಂತಿದ್ರು."

ಗಂಗಾ ಬೂತಿನ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟರು. ಬೂತಿನವನು ಯಾರೋ ತೀರಿಕೊಂಡರೆಂದು ತಿಳಿದು ನೀರು ಕೊಟ್ಟನಂತೆ.

ಆ ಬೆಳಗನ್ನು ವೆಂಕಟ್ರಮಣ ಹೇಳುವುದು ಹೀಗೆ: "ಚಾವಿ ತಿರುಗ್ಸಿದೆ. ಎಡಗಡೆ ಸೀಟು ಖಾಲಿ. ಅಲ್ಲೀವರೆಗೆ ಕಾಣ್ತದೆ, ಸಲ್ಪ ಮಂಜು, ಅಷ್ಟೇ ಅಂತ ನನ್ನೇ ನಾ ನಂಬ್ಸಿದ್ದೆ. ಐದು ದಿನ ಅವ್ಳು ಹೇಳಿದ್ಮೇಲೆ ಗೊತ್ತಾತು, ಆ ಬದಿಗೆ ಎಷ್ಟು ಜನ ಓಡಾಡ್ತ್ರು ಅಂತ. ಕಾಲು ಎತ್ತಿ ಕ್ಲಚ್ಚಿನ ಮೇಲೆ ಇಡೂಕೇ ಆಗ್ಲಿಲ್ಲ." ಇಳಿದು ಹೇಳಿಯೇಬಿಟ್ಟರು. ನಮ್ಮ ಜೀವ ಬಂಗಡೆ ಮೀನಿಗಿಂತ ಅಗ್ಗವಾ ಎಂದು ದುರ್ಗಿ ಬುಟ್ಟಿ ಕುಕ್ಕಿದಳು. ಒಂದು ತಾಸು ಬೈಗುಳ ತಿಂದ ಮೇಲೆ ವಿನೋದನನ್ನು ಎಬ್ಬಿಸಿ ತಂದು ಸ್ಟೇರಿಂಗ್ ಕೊಟ್ಟರು. ಫೆಬ್ರುವರಿಯಲ್ಲಿ ಪೊರೆಯ ಆಪರೇಷನ್ ಆಯಿತು. ಡಾಕ್ಟರು ಬರೆದುಕೊಟ್ಟ ಮೇಲೆಯೇ ಅವರು ಮತ್ತೆ ಗಾಡಿ ಮುಟ್ಟಿದ್ದು. ಹದಿನಾಲ್ಕರಲ್ಲಿ ಹನ್ನೊಂದು ಹೆಂಗಸರು ತಿರುಗಿ ಬಂದರು. ಮೂವರು ಇವತ್ತಿಗೂ ಬೇರೆ ಟೆಂಪೊದಲ್ಲೇ ಹೋಗುತ್ತಾರೆ, ಎದುರು ಸಿಕ್ಕರೆ ಮಾತಾಡುವುದಿಲ್ಲ. ಅದರಲ್ಲಿ ಅವರದು ತಪ್ಪಿಲ್ಲ ಎಂದು ವೆಂಕಟ್ರಮಣ ಹೇಳುತ್ತಾರೆ.

ಅತ್ತ ಸಭೆಯಲ್ಲಿ ಗಂಗಾ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದರು: ಮನೆಗೊಬ್ಬರು ಎಂದು ತಾನು ಕರೆದದ್ದು, ಮೂವತ್ತೊಂದು ಬದಲಿ ಆಳು, ಮತ್ತೆ ಹುಡುಕಿ ನೋಡಿದ ನಲವತ್ತಾರು ಚಾಲಕರು. ಕಡಲ ಮೀನನ್ನು ಹೊಗಳಿದ್ದ ಹಿರಿಯ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚಂದನಾ ಫಾರಮ್ಮುಗಳನ್ನು ಅಲ್ಲೇ ಎಣಿಸಿದರು. ಮೊದಲು ತಾವಾಗಿಯೇ ಬಂದ ನಿಜವಾದ ಅರವತ್ತೈದು ಮಂದಿಯಲ್ಲಿ ಕಣ್ಣು ಮಂಜಾದವರು ಐದು. ಗಂಗಾ ಬೆನ್ನು ಹತ್ತಿ ಹಿಡಿದ ನಲವತ್ತಾರರಲ್ಲಿ ಇಪ್ಪತ್ನಾಲ್ಕು, ಅರ್ಧಕ್ಕಿಂತ ಹೆಚ್ಚು.

"ಲೈಸೆನ್ಸು ನೋಡಬೇಡಿ ಅಂದವರು ನಾವು. ಇದರಲ್ಲಿ ಗಂಗಕ್ಕನ ತಪ್ಪೆಷ್ಟೋ ನಮ್ಮದೂ ಅಷ್ಟೇ" ಎಂದರು ಚಂದನಾ, ಎಲ್ಲರೆದುರು. ಸಂಚಾರಿ ಕಣ್ಣಿನ ಗಾಡಿ ಆ ವರ್ಷವೇ ಈ ಮೂರು ತಾಲೂಕಿಗೆ ಬಂತು. ಮೇಲ್ವಿಚಾರಕಿಯ ಹುದ್ದೆ ಮಾತ್ರ ಬೇರೆಯವರ ಪಾಲಾಯಿತು. ಶಿಬಿರವನ್ನು ಕೆಡಿಸಿದವಳು ಎಂಬ ಮಾತು ಕಡತದಲ್ಲಿ ಉಳಿದಿರಬೇಕು. ಗಂಗಾ ಈಗಲೂ ಕರೆದಾಗ ಹೋಗುವ ದಿನಗೆಲಸದವರೇ. ಬೇಸರವಿಲ್ಲವೆ ಎಂದರೆ, "ಅದೆ, ಇಲ್ಲದೆ ಹೆಂಗೆ?" ಎಂದು ಒಪ್ಪಿಕೊಳ್ಳುತ್ತಾರೆ.

ಬಾಡದ ಅವರ ಮನೆಯಲ್ಲಿ ಅಚ್ಚಾದ ವರದಿಯ ಒಂದು ಪ್ರತಿ ಇದೆ. ಇಂಗ್ಲಿಷಿನಲ್ಲಿದೆ. ಗಂಗಾರ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಅವರು ನೇರವಾಗಿ ಹನ್ನೊಂದನೇ ಪುಟ ತೆಗೆದು ಕೋಷ್ಟಕದ ಕೆಳಗಿನ ಒಂದು ಸಣ್ಣ ಸಾಲಿನ ಮೇಲೆ ಬೆರಳಿಡುತ್ತಾರೆ. ಮೊದಲ ಕರಡಿನಲ್ಲಿ ಆ ಸಾಲು ಇರಲಿಲ್ಲ. ನೂರ ಹನ್ನೊಂದು ಚಾಲಕರನ್ನು ನೋಡಿದ್ದೇವೆ ಎಂದಷ್ಟೇ ಇತ್ತು. ಆರಿಸಿದ್ದು ನೂರಿಪ್ಪತ್ತು, ಉಳಿದ ಒಂಬತ್ತು ಮಂದಿಯನ್ನು ಬಿಟ್ಟಿದ್ದೀರಿ ಎಂದು ಗಂಗಾ ಮೂರು ಸಲ ಫೋನು ಮಾಡಿ ಹೇಳಿದ ಮೇಲೆ ಅದನ್ನು ಸೇರಿಸಿದರು. ಹುದ್ದೆ ಹೋದದ್ದಕ್ಕೆ ಮಾಡದ ಜಗಳವನ್ನು ಈ ಸಾಲಿಗಾಗಿ ಮಾಡಿದೆ ಎನ್ನುವಾಗ ಅವರ ಮುಖದಲ್ಲಿ ಹೆಮ್ಮೆ ಕಾಣುತ್ತದೆ.

"ಎಂತ ಅದೆ ಅದ್ರಲ್ಲಿ? ಸಿಗದವ್ರು ಒಂಬತ್ತು ಅಂತ, ಅಷ್ಟೇಯ. ಅವ್ರಿಗೆ ಕಣ್ಣು ಕಾಣ್ತದಾ ಇಲ್ಲ್ವಾ, ನಮಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತಾದ್ರೂ ಬರೀಬೇಕಲ. ಇವತ್ತು ಬೆಳಿಗ್ಗೆನೂ ಅವ್ರು ಗಾಡಿ ತೆಗೆದಿರ್ತ್ರು."